ಹಿಮೋಗ್ಲೋಬಿನ್ 19 ಇದ್ದ ಹುಡುಗ

ನಮ್ಮ ರಾಯಚೂರು ಕಡೆ ಹಿಮೋಗ್ಲೋಬಿನ್ ಮಾತು ಬಂದರೆ ಅದು ಕಡಿಮೆ ಇದೆ ಅನ್ನುವ ಚಿಂತೆಯೇ. 8 ಇಟ್ಟುಕೊಂಡು ದಿನವೆಲ್ಲಾ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿದ್ದಾರೆ, ಹೆರಿಗೆಗೆ ಬಂದಾಗಲೇ ಅದು ಗೊತ್ತಾಗುವುದು. ನಾನು ರಕ್ತ ಕೇಂದ್ರದಲ್ಲಿ ಟೆಕ್ನಿಶಿಯನ್. ನಮ್ಮ ಕಣ್ಣು, ನಮ್ಮ ಟೆಸ್ಟು ಎಲ್ಲಾ ಕಡಿಮೆಯನ್ನೇ ಹುಡುಕುತ್ತವೆ. ಜಾಸ್ತಿ ಬಂದರೆ ಯಾರೂ ಹೆದರುವುದಿಲ್ಲ, ಖುಷಿಪಡುತ್ತಾರೆ.

ಆ ಹುಡುಗ ಬಂದಿದ್ದು ಮೇ ತಿಂಗಳಲ್ಲಿ. ಆ ಬಿಸಿಲಿಗೆ ದಾನಿಗಳು ಬರುವುದೇ ಅಪರೂಪ, ಪದೇಪದೇ ರಕ್ತ ಹಾಕಿಸಬೇಕಾದ ಥಲಸ್ಸೀಮಿಯಾ ಕಾಯಿಲೆಯ ಮಕ್ಕಳ ತಂದೆತಾಯಿ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಅಂಥ ಹೊತ್ತಲ್ಲಿ ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ಹುಡುಗ ತಾನಾಗಿಯೇ ಬಂದು ಕೂತರೆ ಯಾರಿಗೆ ಬೇಡ? ಜಿಮ್ ಒಂದರಲ್ಲಿ ಟ್ರೇನರ್ ಅಂತ ಹೇಳಿದ. ಫಾರಂ ತುಂಬುತ್ತಾ, "ಅಕ್ಕಾರ, ಒಂದೀಟು ಜಾಸ್ತಿನೇ ತಗೊಳ್ರಿ" ಅಂದ. ಇಷ್ಟು ವರ್ಷದ ಕೆಲಸದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಎಲ್ಲರೂ ಕೇಳುವುದು "ಬಹಳ ತೆಗೀತೀರೇನ್ರಿ" ಅಂತ.

ಬಿಪಿ ನೋಡೋಣ ಅಂದರೆ ಪಟ್ಟಿ ತೋಳಿಗೆ ಸುತ್ತಲೇ ಇಲ್ಲ. ಸಣ್ಣ ಪಟ್ಟಿ ಬಿಗಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ, ಹಾಗಾಗಿ ವಾರ್ಡಿನಿಂದ ದೊಡ್ಡದು ತರಿಸಿದೆ. ಆಗಲೂ 158/100. ರಕ್ತ ಕೊಡಲು 140/90 ದಾಟಬಾರದು. ಬೆರಳು ಚುಚ್ಚಿ ಮೀಟರಿಗೆ ಹಾಕಿದರೆ ಹಿಮೋಗ್ಲೋಬಿನ್ 19.4. ಗಂಡಸರಿಗೆ ಸುಮಾರು 13ರಿಂದ 17 ಇರಬೇಕು. ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾದರೂ ಹೀಗೆ ಏರುತ್ತದೆ ಅಂತ ನೀರು ಕುಡಿಸಿ, ಕೂಲರ್ ಮುಂದೆ ಕೂರಿಸಿ, ಆಮೇಲೆ ಮತ್ತೆ ನೋಡಿದೆ. 19.1. ಡಾಕ್ಟರನ್ನು ಕರೆದೆ.

ನಮ್ಮ ಫಾರಂನಲ್ಲಿ ಕಾಮಾಲೆ, ಮಲೇರಿಯಾ, ಹಚ್ಚೆ, ಕುಡಿತ ಎಲ್ಲಾ ಇದೆ. ಏನಾದರೂ ಔಷಧಿ ತಗೊಳ್ತೀರಾ ಅನ್ನುವುದಕ್ಕೆ ಅವನು ಇಲ್ಲ ಅಂತ ಬರೆದಿದ್ದ. ಅದು ಸುಳ್ಳು ಅನ್ನುವುದು ಅವನ ಮನಸ್ಸಿಗೇ ಬಂದಿರಲಿಲ್ಲ, ಯಾಕಂದರೆ ಜಿಮ್ ಹುಡುಗರ ಲೆಕ್ಕದಲ್ಲಿ ಮೈ ಕಟ್ಟಲು ತಗೊಳ್ಳುವ ಹಾರ್ಮೋನ್ ಔಷಧಿಯಲ್ಲ, ಗೇರ್. ಡಾಕ್ಟರ್ ಬೈಯಲಿಲ್ಲ. ಎದುರಿಗೆ ಸ್ಟೂಲ್ ಎಳೆದು ಕೂತು, "ಯಾವ್ಯಾವ ಇಂಜೆಕ್ಷನ್ನು, ವಾರಕ್ಕೆ ಎಷ್ಟು?" ಅಂತ ನೇರವಾಗಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ವಾರಕ್ಕೆ 500 ಮಿಲಿಗ್ರಾಂ, ಜೊತೆಗೆ ಅದೇ ಜಾತಿಯ ಡೆಕಾ ಇಂಜೆಕ್ಷನ್, ಸ್ಪರ್ಧೆಗೆ ಮುಂಚೆ ಕೊಬ್ಬು ಇಳಿಸುವ ಕಟಿಂಗ್‌ಗೆ ಅಂತ ಸ್ಟ್ಯಾನೊಜೊಲಾಲ್ ಮಾತ್ರೆ. ದೇಹ ತಾನಾಗಿ ಟೆಸ್ಟೋಸ್ಟಿರಾನ್ ತಯಾರಿಸದ ರೋಗಿಗೆ ಡಾಕ್ಟರು ಕೊಡುವುದೇ ವಾರಕ್ಕೆ ಹೆಚ್ಚುಕಡಿಮೆ 100 ಮಿಲಿಗ್ರಾಂ. ಫೋನಿನಲ್ಲೇ ಡಯಟ್, ಇಂಜೆಕ್ಷನ್ ಎಷ್ಟು ವಾರ ತಗೊಳ್ಳಬೇಕು ಅನ್ನುವ ಸೈಕಲ್ ಹೇಳುವ ಕೋಚ್ ಒಬ್ಬನಿದ್ದಾನಂತೆ. ರಕ್ತ ದಪ್ಪ ಆಗುತ್ತದೆ, ಆಗಾಗ ಕೊಟ್ಟು ತೆಳು ಮಾಡಿಕೋ ಅಂದವನು ಅವನೇ.

ಹಾಗಾದರೆ ಹಿಂದೆಯೂ ಕೊಟ್ಟಿದ್ದಾನೆ. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ ಕಾಯಬೇಕು, ಇವನು ಅಷ್ಟು ಕಾಯದೆ ಬೇರೆ ಕ್ಯಾಂಪಿನಲ್ಲಿ ಕೊಟ್ಟಿದ್ದ. ಅಲ್ಲಿ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಕ್ಯಾಂಪುಗಳಲ್ಲಿ ಬಹಳ ಸಲ ಇರುವುದು ಮೈಲುತುತ್ತದ ನೀಲಿ ದ್ರಾವಣ. ರಕ್ತದ ಹನಿ ಅದರಲ್ಲಿ ಮುಳುಗಿದರೆ 12.5ಕ್ಕಿಂತ ಮೇಲಿದೆ, ಪಾಸ್. ಎಷ್ಟು ಮೇಲೆ ಅಂತ ಅದು ಹೇಳುವುದಿಲ್ಲ. 13 ಇದ್ದವನ ಹನಿಯೂ ಮುಳುಗುತ್ತದೆ, 19 ಇದ್ದವನ ಹನಿಯೂ ಮುಳುಗುತ್ತದೆ. ಇದು ನೆನಪಾದಾಗ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು. ಎಷ್ಟು ಹುಡುಗರು ಹೀಗೆ ಪಾಸಾಗಿ, ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಂಡು ಹೋಗಿರಬಹುದು?

ಡಾಕ್ಟರ್ ಅವನಿಗೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೊರಗಿನ ಟೆಸ್ಟೋಸ್ಟಿರಾನ್ ಬಂದಾಗ ಮೂಳೆಯ ಮಜ್ಜೆ ಕೆಂಪು ರಕ್ತಕಣಗಳನ್ನು ಜಾಸ್ತಿ ಜಾಸ್ತಿ ಮಾಡುತ್ತದೆ. ರಕ್ತ ದಪ್ಪವಾಗುತ್ತದೆ, ಮಜ್ಜಿಗೆ ಹರಿಯಬೇಕಾದ ದಾರಿಯಲ್ಲಿ ಅಂಬಲಿ ಹರಿದ ಹಾಗೆ. ಹೃದಯ ಪ್ರತಿ ಬಡಿತಕ್ಕೂ ಜಾಸ್ತಿ ದುಡಿಯಬೇಕು, ಹೆಪ್ಪುಗಟ್ಟುವ ಭಯವೂ ಇದೆ. ಒಂದು ಬಾಟಲಿ ತೆಗೆದರೆ ಸ್ವಲ್ಪ ದಿನ ಇಳಿಯುತ್ತದೆ, ಇಂಜೆಕ್ಷನ್ ಮುಂದುವರಿದರೆ ಮತ್ತೆ ಏರುತ್ತದೆ, ನಡುವೆ ಮೈಯಲ್ಲಿನ ಕಬ್ಬಿಣ ಮಾತ್ರ ಖಾಲಿಯಾಗುತ್ತಾ ಹೋಗುತ್ತದೆ. ಅದೂ ಅಲ್ಲದೆ ರಕ್ತ ಕೊಟ್ಟರೆ ಕೊಲೆಸ್ಟ್ರಾಲ್ ಸರಿ ಹೋಗುವುದಿಲ್ಲ. ಈ ಹಾರ್ಮೋನುಗಳು, ಅದರಲ್ಲೂ ಬಾಯಲ್ಲಿ ನುಂಗುವ ಮಾತ್ರೆಗಳು, ಒಳ್ಳೆಯ ಕೊಲೆಸ್ಟ್ರಾಲನ್ನು ಕುಸಿಯುವ ಹಾಗೆ ಮಾಡುತ್ತವೆ. ಅವತ್ತೇ ರಕ್ತ ತೆಗೆದು ಕಳಿಸಿದ್ದೆವು. 40ರ ಮೇಲಿರಬೇಕಾದ ಎಚ್‌ಡಿಎಲ್, ಅಂದರೆ ಆ ಒಳ್ಳೆಯ ಕೊಲೆಸ್ಟ್ರಾಲ್, 17 ಬಂತು. ತೋಳಿನ ಸ್ನಾಯು ದಪ್ಪವಾಗುವಾಗ ಹೃದಯದ ಗೋಡೆಯೂ ದಪ್ಪವಾಗುತ್ತದೆ. ತೋಳಿಗೆ ಅದು ಚಂದ. ಹೃದಯದ ಗೋಡೆ ದಪ್ಪವಾಗಿ ಬಿಗಿದುಕೊಂಡರೆ ಅದು ಸರಿಯಾಗಿ ಸಡಿಲವಾಗಿ ರಕ್ತ ತುಂಬಿಕೊಳ್ಳುವುದಿಲ್ಲ.

ಅವನು ಸುಮ್ಮನೆ ಒಪ್ಪಲಿಲ್ಲ. ಫೋನ್ ತೆಗೆದು, ಟೆಸ್ಟೋಸ್ಟಿರಾನ್‌ನಿಂದ ಹಾರ್ಟ್ ಅಟ್ಯಾಕ್ ಜಾಸ್ತಿ ಆಗಲ್ಲ ಅಂತ ಅಮೆರಿಕದಲ್ಲಿ ಪ್ರೂವ್ ಆಗ್ಯದ ಅಂತ ತೋರಿಸಿದ. ಅಂಥ ಅಧ್ಯಯನ ಇದೆ, 2023ರದ್ದು. ಡಾಕ್ಟರ್ ಅದನ್ನು ಬದಿಗೆ ಸರಿಸದೆ ಅವನ ಜೊತೆಯೇ ಓದಿದರು. ಅದು 45ರಿಂದ 80 ವರ್ಷದ, ಟೆಸ್ಟೋಸ್ಟಿರಾನ್ ನಿಜವಾಗಿಯೂ ಕಡಿಮೆ ಇದ್ದ ಗಂಡಸರ ಮೇಲೆ ಮಾಡಿದ್ದು. ಹಚ್ಚುವ ಜೆಲ್ ಕೊಟ್ಟು, ರಕ್ತ ಪರೀಕ್ಷೆ ನೋಡಿಕೊಂಡು ಡೋಸ್ ಹೊಂದಿಸುತ್ತಿದ್ದರು. ಅಲ್ಲೂ ಹೃದಯದ ತಾಳ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಸ್ವಲ್ಪ ಜಾಸ್ತಿಯೇ ಕಂಡಿದೆ. ಅವನಿಗೆ ಹೊಂದುವುದು 2017ರ ಇನ್ನೊಂದು. ವರ್ಷಗಟ್ಟಲೆ ಭಾರ ಎತ್ತಿದ 140 ಗಂಡಸರನ್ನು ನೋಡಿದ್ದರು, ಅವರಲ್ಲಿ 86 ಜನ ಇಂಥ ಹಾರ್ಮೋನ್, ಅಂದರೆ ಸ್ಟಿರಾಯ್ಡ್, ತಗೊಂಡವರು. ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಅಂದರೆ ಹೃದಯದ ಸ್ಕ್ಯಾನ್ ಆದ ಎಕೋ ರಿಪೋರ್ಟಿನ ಇಎಫ್, ತಗೊಳ್ಳದವರಲ್ಲಿ ಸರಾಸರಿ ಶೇಕಡಾ 63, ತಗೊಂಡವರಲ್ಲಿ 52. ಎಷ್ಟು ವರ್ಷ, ಎಷ್ಟು ಡೋಸ್ ಜಾಸ್ತಿಯೋ ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಕಟ್ಟೂ ಅಷ್ಟು ಜಾಸ್ತಿ.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ ವಿಷಯ ಬೇರೆ. ಆ 63 ಇದ್ದವರೂ ಭಾರ ಎತ್ತುವವರೇ, ಅಲ್ವಾ? ನಮ್ಮ ಮನೆಗಳಲ್ಲಿ ಹಿರಿಯರು ಜಿಮ್ಮನ್ನೇ ಬೈಯುತ್ತಾರೆ. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕಲ್ಲು ಎತ್ತುವವರನ್ನು ನೋಡಿ ಶಿಳ್ಳೆ ಹೊಡೆಯುವವರೂ ಅವರೇ. ಉಸಿರು ಬಿಗಿಹಿಡಿದು ತುಂಬಾ ಭಾರ ಎತ್ತಿದಾಗ ಆ ಕ್ಷಣಕ್ಕೆ ಬಿಪಿ 300 ದಾಟಬಹುದು, 1985ರಲ್ಲೇ ಬಾಡಿಬಿಲ್ಡರ್‌ಗಳ ರಕ್ತನಾಳಕ್ಕೆ ನಳಿಕೆ ಹಾಕಿ ಅಳೆದಿದ್ದಾರೆ. ಆರೋಗ್ಯವಾದ ಹೃದಯ ಅದನ್ನು ತಡೆದುಕೊಳ್ಳುತ್ತದೆ. ಆದರೆ ಕೂತಾಗಲೇ 158 ಇರುವವನು, ದಪ್ಪ ರಕ್ತ, ಬಿಗಿದ ಗೋಡೆ ಇಟ್ಟುಕೊಂಡು ಅದನ್ನೇ ಮಾಡಿದರೆ ಲೆಕ್ಕ ಬೇರೆ. ಹಾಗಂತ ವ್ಯಾಯಾಮ ಬಿಡಿ ಅನ್ನುವುದು ತಪ್ಪು ಸಲಹೆ, ನಾನಂತೂ ಹಾಗೆ ಹೇಳುವುದಿಲ್ಲ.

ಅವತ್ತು ಅವನ ರಕ್ತ ತಗೊಳ್ಳಲಿಲ್ಲ. ಮರುದಿನ ಎಕೋ ಆಯಿತು. ಹೃದಯದ ಗೋಡೆ ದಪ್ಪವಾಗಿ 14 ಮಿಲಿಮೀಟರ್, ಇಎಫ್ ಇಳಿದು 48. ಎದೆನೋವಿಲ್ಲ, ಏದುಸಿರಿಲ್ಲ, ಅವತ್ತು ಬೆಳಿಗ್ಗೆಯೂ ಸ್ಕ್ವಾಟ್ ಮಾಡಿ ಬಂದಿದ್ದ. ಹೃದಯದ ಡಾಕ್ಟರ್ ಬಿಪಿ ಮಾತ್ರೆ ಬರೆದು, ಹಾರ್ಮೋನ್ ತಜ್ಞರ ಹತ್ತಿರ ಕಳಿಸಿದರು. ಬಿಟ್ಟ ಮೇಲೆ ದೇಹ ತನ್ನ ಸ್ವಂತ ಟೆಸ್ಟೋಸ್ಟಿರಾನ್ ಮಾಡಲು ತಿಂಗಳುಗಟ್ಟಲೆ ತಗೊಳ್ಳುತ್ತದೆ, ಆಗ ಮನಸ್ಸು ಕುಗ್ಗುತ್ತದೆ, ಬಹಳ ಹುಡುಗರು ಆಗಲೇ ಮತ್ತೆ ಸೂಜಿ ಹಿಡಿಯುತ್ತಾರೆ. ಅದಕ್ಕೇ ಒಬ್ಬನೇ ಬಿಡುವುದಕ್ಕಿಂತ ಡಾಕ್ಟರ ಜೊತೆಯಲ್ಲಿ ಬಿಡುವುದು ಒಳ್ಳೆಯದು. 2017ರ ಆ ಅಧ್ಯಯನದಲ್ಲೂ ತಗೊಳ್ಳುವುದು ನಿಲ್ಲಿಸಿದವರ ಇಎಫ್ ಸರಾಸರಿ 58, ಇನ್ನೂ ತಗೊಳ್ಳುತ್ತಿದ್ದವರದು 49. ಇದನ್ನು ಅವನಿಗೆ ಕಾಗದದ ಮೇಲೆ ಬರೆದು ಕೊಟ್ಟೆ.

ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಬಿಟ್ಟಿದ್ದಾನೆ, ಮೈ ಸ್ವಲ್ಪ ಇಳಿದಿದೆ, ಜಿಮ್ಮಿನಲ್ಲಿ ಹುಡುಗರು ಆಡಿಕೊಳ್ಳುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದ. ಮುಂದಿನ ಎಕೋ ಇನ್ನೂ ಆಗಬೇಕು. ನಾನೀಗ ದೊಡ್ಡ ತೋಳಿನ ಹುಡುಗರು ಬಂದರೆ ಫಾರಂ ಪಕ್ಕಕ್ಕಿಟ್ಟು, ಜಿಮ್ಮಿಗೆ ಅಂತ ಏನಾದರೂ ಇಂಜೆಕ್ಷನ್, ಮಾತ್ರೆ ತಗೊಳ್ತೀಯೇನಪ್ಪಾ ಅಂತ ಬಾಯಿಬಿಟ್ಟು ಕೇಳುತ್ತೇನೆ. ಬೈಯದೆ ಕೇಳಿದರೆ ಹೇಳುತ್ತಾರೆ.