ವಿಂಡೋಸ್ ಹಾಕುವಾಗ ಡಿಸ್ಕ್ ಕಾಣುತ್ತಿಲ್ಲ, ವೈಫೈ ಇಲ್ಲ: ಮಲೆನಾಡಿನ ಮನೆಯಲ್ಲಿ ಕೂತು ಸರಿಮಾಡುವುದು ಹೇಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಈಗ ಮನೆಮನೆಯಲ್ಲೂ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕುವ ಕೆಲಸ ನಡೆದಿದೆ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇದ್ದವರಿಗೆ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ವಿಂಡೋಸ್ ಬಳಸುವಂತೆ ಮಾಡುವ ಸಾಫ್ಟ್‌ವೇರ್) ಒಂದು ತಪ್ಪಿಹೋದರೂ ಐದು ನಿಮಿಷದಲ್ಲಿ ಇಳಿಸಿಕೊಳ್ಳಬಹುದು. ಹೊಸನಗರದ ಆಚೆ, ಆಗುಂಬೆಯ ಸುತ್ತ, ಟವರ್ ಸಿಗಲು ಅಂಗಳದ ಮೂಲೆಗೆ ಹೋಗಬೇಕಾದ ಮನೆಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ಡ್ರೈವರ್‌ಗಳನ್ನು ಮೊದಲೇ ಪೆನ್ ಡ್ರೈವ್‌ಗೆ ಹಾಕಿಕೊಂಡಿದ್ದರೆ ಮಾತ್ರ ಕೆಲಸ ಮುಗಿಯುತ್ತದೆ.

ಹಳೆಯ ವಿಂಡೋಸ್ ಇನ್ನೂ ಓಡುತ್ತಿದ್ದರೆ ಅದನ್ನು ಅಳಿಸುವ ಮೊದಲು ಡ್ರೈವರ್‌ಗಳನ್ನೆಲ್ಲ ಹೊರತೆಗೆಯಿರಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ವಿಂಡೋಸ್‌ನಲ್ಲೇ ಇರುವ ಡಿಐಎಸ್ಎಂ (dism) ಕಮಾಂಡ್ ಟೈಪ್ ಮಾಡಿ. ಅದರ ಮುಂದೆ ಆನ್‌ಲೈನ್, ಎಕ್ಸ್‌ಪೋರ್ಟ್-ಡ್ರೈವರ್, ಡೆಸ್ಟಿನೇಶನ್ ಎಂಬ ಮೂರು ಸ್ವಿಚ್ ಬರಬೇಕು. ಪ್ರತಿಯೊಂದಕ್ಕೂ ಮುಂದೆ ಓರೆಗೆರೆ, ಕೊನೆಯದರ ನಂತರ ಕೋಲನ್ ಇಟ್ಟು ಪೆನ್ ಡ್ರೈವ್‌ನ ಫೋಲ್ಡರ್ ವಿಳಾಸ. ಪೆನ್ ಡ್ರೈವ್ E ಎಂದು ಬಂದಿದ್ದರೆ ಹೀಗೆ: dism /online /export-driver /destination:E:\drivers ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಿ. ಗ್ರಾಫಿಕ್ಸ್ ಡ್ರೈವರ್ ದೊಡ್ಡದಿರುವುದರಿಂದ ಕೆಲವು ಜಿಬಿ ಜಾಗ ಬೇಕು. ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನೇ ಮಾಡಿ. ಮುಂದೆ ಹೇಳುವ ಅರ್ಧ ತೊಂದರೆಗಳಿಗೆ ಔಷಧಿ ಈ ಫೋಲ್ಡರಿನಲ್ಲೇ ಇರುತ್ತದೆ.

ವಿಂಡೋಸ್ ಹಾಕುವ ಪೆನ್ ಡ್ರೈವ್ ಮಾಡಲು ಬೇಕಾದ ಐಎಸ್ಒ ಫೈಲನ್ನು ಪೇಟೆಗೆ ಹೋದಾಗ ಇಳಿಸಿಕೊಳ್ಳುವುದು ಒಳ್ಳೆಯದು. ಅದು 5 ಜಿಬಿಗಿಂತ ದೊಡ್ಡದು, ಮೈಕ್ರೋಸಾಫ್ಟ್ ಕೊಡುವ ಲಿಂಕ್ ನಡೆಯುವುದು 24 ಗಂಟೆ ಮಾತ್ರ. ನಿಧಾನದ ನೆಟ್‌ನಲ್ಲಿ ಅರ್ಧಕ್ಕೆ ಕಡಿದು ಮತ್ತೆ ಜೋಡಿಸಿಕೊಂಡ ಫೈಲ್ ಕೆಲವೊಮ್ಮೆ ಕೆಟ್ಟಿರುತ್ತದೆ. ಕೆಟ್ಟ ಫೈಲಿನಿಂದ ಮಾಡಿದ ಪೆನ್ ಡ್ರೈವ್ ಹಾಕಿದರೆ ಕಂಪ್ಯೂಟರಿಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ ಎಂಬ ಸಂದೇಶ ಬರಬಹುದು. ಓದಿದವರು ಡ್ರೈವರ್ ಹುಡುಕಲು ಹೊರಡುತ್ತಾರೆ, ಆದರೆ ಅಲ್ಲಿ ಡ್ರೈವರಿನ ತಪ್ಪೇ ಇರುವುದಿಲ್ಲ. ಪೆನ್ ಡ್ರೈವನ್ನು ಬೇರೆ ಪೋರ್ಟಿಗೆ, ಸಾಧ್ಯವಿದ್ದರೆ ಯುಎಸ್‌ಬಿ 2 ಪೋರ್ಟಿಗೆ ಹಾಕಿ ನೋಡಿ. ಆಗಲೂ ಬಂದರೆ ಐಎಸ್ಒ ಫೈಲಿನ ಎಸ್‌ಎಚ್‌ಎ 256 ಸಂಖ್ಯೆಯನ್ನು (ಫೈಲ್ ಕೆಟ್ಟಿಲ್ಲ ಎಂದು ಪರೀಕ್ಷಿಸುವ ಗುರುತು) ಡೌನ್‌ಲೋಡ್ ಪುಟದಲ್ಲಿರುವುದರ ಜೊತೆ ತಾಳೆ ನೋಡಿ, ಪೆನ್ ಡ್ರೈವನ್ನು ಹೊಸದಾಗಿ ಮಾಡಿ.

ಇನ್ನು ಎಲ್ಲರನ್ನೂ ಕಂಗಾಲು ಮಾಡುವ ತೊಂದರೆ. ವಿಂಡೋಸ್ ಎಲ್ಲಿ ಹಾಕಬೇಕು ಎಂದು ಕೇಳುವ ಪರದೆ ಖಾಲಿ, ಡಿಸ್ಕೇ ಇಲ್ಲ. ಗಾಬರಿಯಾಗಿ ಎಸ್‌ಎಸ್‌ಡಿ (ಲ್ಯಾಪ್‌ಟಾಪಿನೊಳಗಿನ ಡಿಸ್ಕ್) ಹೋಯಿತು ಎಂದುಕೊಳ್ಳಬೇಡಿ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ಹೋಗಿ ಅಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣುತ್ತದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಅದು ಸಡಿಲವಾಗಿದೆ ಅಥವಾ ಸತ್ತಿದೆ. ಅಲ್ಲಿ ಇದ್ದು ಇಲ್ಲಿ ಇಲ್ಲವೆಂದರೆ ಅದು ಶುದ್ಧ ಡ್ರೈವರ್ ಸಮಸ್ಯೆ.

ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಮತ್ತು ಪ್ರೊಸೆಸರ್ ನಡುವೆ ವಿಎಂಡಿ ಎಂಬ ಕಂಟ್ರೋಲರ್ ಕೂತಿರುತ್ತದೆ. ವಿಂಡೋಸ್‌ಗೆ ಎಸ್‌ಎಸ್‌ಡಿ ನೇರವಾಗಿ ಕಾಣುವುದಿಲ್ಲ, ವಿಎಂಡಿ ಮೂಲಕವೇ ಕಾಣಬೇಕು. ಆ ಡ್ರೈವರ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಪರದೆಯಲ್ಲಿ ಲೋಡ್ ಡ್ರೈವರ್ ಒತ್ತಿ, ಹೊರತೆಗೆದಿಟ್ಟ ಫೋಲ್ಡರಿನಲ್ಲಿ ಐಎಎಸ್ಟೋರ್‌ವಿಡಿ (iaStorVD) ಎಂಬ ಹೆಸರಿನಿಂದ ಶುರುವಾಗುವ ಫೋಲ್ಡರ್ ತೋರಿಸಿದರೆ ಡಿಸ್ಕ್ ಬಂದು ನಿಲ್ಲುತ್ತದೆ.

ಹೊರತೆಗೆದಿಟ್ಟುಕೊಂಡಿಲ್ಲವೇ? ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್ ಹಾಕಿ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ. ಬಹಳ ಜನ ಎಡವುವುದು ಇಲ್ಲಿ. ಇಳಿದು ಬರುವುದು ಸೆಟಪ್ ಫೈಲ್. ಅದನ್ನು ಹಾಗೇ ಪೆನ್ ಡ್ರೈವ್‌ಗೆ ಹಾಕಿದರೆ ಏನೂ ಆಗುವುದಿಲ್ಲ, ಸಹಿಯಿರುವ ಡ್ರೈವರ್ ಸಿಗಲಿಲ್ಲ ಎನ್ನುತ್ತದೆ. ಇನ್‌ಸ್ಟಾಲರಿಗೆ ಬೇಕಾದದ್ದು ಒಳಗಿನ ಐಎನ್ಎಫ್ ಫೈಲ್ (ಡ್ರೈವರಿನ ವಿವರ ಇರುವ ಫೈಲ್) ಮತ್ತು ಅದರ ಜೊತೆಗಾರ ಫೈಲುಗಳು. ಇಂಟೆಲ್‌ನದೇ ಸೆಟಪ್ ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರಿನ ನಂತರ ಅಡ್ಡಗೆರೆ ಹಾಕಿ, ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಎಂದು ಜಾಗ ಬಿಡದೆ (-extractdrivers) ಬರೆದು, ಫೋಲ್ಡರ್ ವಿಳಾಸ ಕೊಟ್ಟರೆ ಬಿಚ್ಚಿಕೊಳ್ಳುತ್ತದೆ. ಆ ಫೋಲ್ಡರನ್ನು ಲೋಡ್ ಡ್ರೈವರ್‌ನಲ್ಲಿ ತೋರಿಸಿದಾಗ ಪಟ್ಟಿಯಲ್ಲಿ ಹಲವು ಹೆಸರು ಬಂದರೆ ವಿಎಂಡಿ ಕಂಟ್ರೋಲರ್ ಎಂದಿರುವುದನ್ನೇ ಆರಿಸಿ. 11ನೇ ತಲೆಮಾರಿಗೆ 9ಎ0ಬಿ, 12, 13ನೇ ತಲೆಮಾರಿನವಕ್ಕೆ 467ಎಫ್ ಅಥವಾ ಎ77ಎಫ್ ಎಂಬ ಗುರುತು ಇರುತ್ತದೆ. ಹೊಂದದ ಡ್ರೈವರ್ ಅಡಗಿಸುವ ಟಿಕ್ ತೆಗೆಯಬೇಡಿ. ತೆಗೆದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಡಿಸ್ಕ್ ಬರುವುದಿಲ್ಲ.

ಇನ್ನೊಂದು ದಾರಿ, ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು. ಒಂದೇ ಎಸ್‌ಎಸ್‌ಡಿ ಇರುವ ಮನೆಬಳಕೆಯ ಲ್ಯಾಪ್‌ಟಾಪಿಗೆ, ಎಲ್ಲ ಅಳಿಸಿ ಹೊಸದಾಗಿ ಹಾಕುವುದಾದರೆ, ನಮ್ಮ ಮತ ಇದಕ್ಕೇ. ಮುಂದಿನ ಸಲವೂ ಈ ಕಾಟ ಇರುವುದಿಲ್ಲ. ಏಸರ್‌ನ ಹಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತದೆ, ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಕಾಣುತ್ತದೆ. ಆದರೆ ಹಳೆಯ ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಮುಟ್ಟಬಾರದು. ಮುಟ್ಟಿದರೆ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬರುತ್ತದೆ, ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಕೇಳಬಹುದು. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿರುವ ಯಂತ್ರಗಳಲ್ಲೂ ಬೇಡ.

ಒಂದು ಯುಎಸ್‌ಬಿ ಮೌಸ್ ಪಕ್ಕದಲ್ಲಿರಲಿ. ಹೊಸ ಟಚ್‌ಪ್ಯಾಡ್‌ಗಳು ಅವನ್ನು ಯಂತ್ರಕ್ಕೆ ಜೋಡಿಸುವ ಸೀರಿಯಲ್ ಐಒ ಡ್ರೈವರ್ ಬರುವವರೆಗೆ ಅಲ್ಲಾಡದೇ ಇರಬಹುದು.

ಡಿಸ್ಕ್ ಸಿಕ್ಕಿ ಫೈಲುಗಳೆಲ್ಲ ಕಾಪಿಯಾದ ಮೇಲೆ ವಿಂಡೋಸ್ 11 ನೆಟ್‌ವರ್ಕ್ ಕೇಳುತ್ತದೆ, ವೈಫೈ ಪಟ್ಟಿ ಖಾಲಿ ಇರುತ್ತದೆ. ಮೀಡಿಯಾಟೆಕ್, ರಿಯಲ್‌ಟೆಕ್ ಕಾರ್ಡುಗಳಲ್ಲಿ ಇದು ಹೆಚ್ಚು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಕೊಡುವುದು) ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಚಾರ್ಜಿಗಷ್ಟೇ ಆಗುವ ಅಗ್ಗದ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ಮನೆಯಲ್ಲಿ ವೈಫೈ ಇದ್ದರೆ ಫೋನ್ ಅದಕ್ಕೇ ಸೇರಿಕೊಂಡಿರಲಿ, ಹಲವು ಫೋನ್‌ಗಳು ಅದನ್ನೇ ಲ್ಯಾಪ್‌ಟಾಪಿಗೆ ದಾಟಿಸುತ್ತವೆ, ಮೊಬೈಲ್ ಡೇಟಾ ಉಳಿಯುತ್ತದೆ.

ಡೆಸ್ಕ್‌ಟಾಪ್ ಬಂದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ (ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್ ಪುಟ) ಹಳದಿ ಗುರುತುಗಳನ್ನು ನೋಡಿ. ಕೋಡ್ 28 ಎಂದರೆ ಡ್ರೈವರ್ ಇಲ್ಲ ಅಷ್ಟೇ. ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲೇ ಹುಡುಕು ಎಂದು ಹೇಳಿ, ಸಬ್‌ಫೋಲ್ಡರ್ ಟಿಕ್ ಇಟ್ಟು ನಿಮ್ಮ ಫೋಲ್ಡರ್ ತೋರಿಸಿ. ಹೆಸರಿಲ್ಲದವುಗಳಲ್ಲಿ ಎಸ್‌ಎಂ ಬಸ್ ಕಂಟ್ರೋಲರ್ ಚಿಪ್‌ಸೆಟ್‌ಗೆ (ಮದರ್‌ಬೋರ್ಡಿನ ಮುಖ್ಯ ಚಿಪ್) ಸೇರಿದ್ದು. ಇಂಟೆಲ್ ಯಂತ್ರದಲ್ಲಿ ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್ ಎಂದರೆ ಮ್ಯಾನೇಜ್‌ಮೆಂಟ್ ಎಂಜಿನ್. ಯಾವುದೂ ಗೊತ್ತಾಗದಿದ್ದರೆ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ. ಕೈಯಿಂದ ಹಾಕುವಾಗ ಚಿಪ್‌ಸೆಟ್ ಮೊದಲು, ಸೀರಿಯಲ್ ಐಒ ಆಮೇಲೆ, ಗ್ರಾಫಿಕ್ಸ್ ನಂತರ. ಇಂಟೆಲ್ ಸ್ಮಾರ್ಟ್ ಸೌಂಡ್ ಡ್ರೈವರ್ ಇಲ್ಲದೆ ರಿಯಲ್‌ಟೆಕ್ ಆಡಿಯೋ ಹಾಕಿದರೆ ಮೈಕ್ ಬರದೇ ಇರಬಹುದು. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ, ಜೊತೆಗೆ ಬರುವ ಕಸ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ.

ಬಯಾಸ್ ಅಪ್‌ಡೇಟ್ ಬೇಕೆನಿಸಿದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ, ಗುಡುಗು ಸಿಡಿಲಿನ ಸಂಜೆ ಬೇಡ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಎದ್ದೇಳದಂತಾಗಬಹುದು. ವಿಂಡೋಸ್ ಇನ್‌ಸ್ಟಾಲ್ ನಿಂತರೆ ಮತ್ತೆ ಶುರುಮಾಡಬಹುದು, ಬಯಾಸ್ ಹಾಗಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 (ಸಾಧನವೇ ತೊಂದರೆ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದರ್ಥ) ಬಂದು ಸರಿಯಾದ ಡ್ರೈವರಿಗೂ ಹೋಗದಿದ್ದರೆ ಯಂತ್ರದ ಕಡೆ ನೋಡಬೇಕು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಮತ್ತೆ ಹಚ್ಚಿ. ವೈಫೈ ಕಾರ್ಡ್ ಎಷ್ಟೋ ಸಲ ಇಷ್ಟಕ್ಕೇ ಎದ್ದುಬರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಶೀತ ಹಿಡಿದು ಕೂತಿದ್ದ ಲ್ಯಾಪ್‌ಟಾಪ್ ಆದರೆ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚಿ, ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಕೂರಿಸಿ. ಆಗಲೂ ಬಾರದಿದ್ದರೆ ಕಾರ್ಡ್ ಬದಲಿಸಬೇಕು. ಕೊಳ್ಳುವ ಮೊದಲು ಹಳೆಯದು ಬಿಚ್ಚಿ ಬದಲಿಸಬಹುದಾದ ಎಂ.2 ಕಾರ್ಡೇ ಅಥವಾ ಬೋರ್ಡಿಗೇ ಬೆಸೆದದ್ದೇ ಎಂದು ನೋಡಿಕೊಳ್ಳಿ. ಬೆಸೆದದ್ದಾದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿಕೊಳ್ಳಿ.