ಒಂದು ಹಲ್ಲು ಕಿತ್ತ ಮೂರು

"ಹಿಂದೆ ತಿರುವಿ ನೋಡಿದ್ದೆಯಾ?"

"ನೋಡಿದ್ದೆ."

"ಈ ಮೂಲೆ?"

ಮಂಗಳವಾರದಿಂದ ಈ ಮೂರು ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿವೆ. ಪಾತ್ರೆ ತೊಳೆಯುವಾಗ, ಲಂಡನ್ನಿನ ಟ್ಯೂಬಿನಲ್ಲಿ ನಿಂತಿರುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಅದೇ. ಈ ಮೂಲೆ? ನಾನು ಉತ್ತರ ಕೊಟ್ಟಿರಲಿಲ್ಲ.

ಒಯ್ದದ್ದು ಬೇರೆ ಕೆಲಸಕ್ಕೆ. ಇರಾನಿನ ಕಾಶಾನ್ ಊರಿನಲ್ಲಿ ನೇಯ್ದ ನನ್ನ ರತ್ನಗಂಬಳಿಯ ಅಂಚನ್ನು ನುಸಿ ತಿಂದಿತ್ತು, ಸರಿಮಾಡಿಸಬೇಕಿತ್ತು. ಖಾನುಂ ಹತ್ತಿರ ಕೊಟ್ಟೆ. ನಾನು ಅವರನ್ನು ಕರೆಯುವುದೇ ಹಾಗೆ. ಎಪ್ಪತ್ತು ದಾಟಿದ ಹೆಂಗಸು, ಹುಟ್ಟಿದ್ದು ಕಾಶಾನಿನಲ್ಲೇ. ಏಳನೇ ವರ್ಷಕ್ಕೆ ಮಗ್ಗದ ಮುಂದೆ ಕೂತವರು. ಒಬ್ಬರು ನಕ್ಷೆ ನೋಡಿ "ಎರಡು ಕೆಂಪು, ಒಂದು ನೀಲಿ" ಎಂದು ರಾಗವಾಗಿ ಕೂಗುತ್ತಿದ್ದರಂತೆ, ಮಕ್ಕಳು ಅದಕ್ಕೆ ಸರಿಯಾಗಿ ಗಂಟು ಹಾಕುತ್ತಿದ್ದರಂತೆ. ಆ ರಾಗ ಈಗಲೂ ನೆನಪಿದೆಯಾ ಎಂದು ಕೇಳಿದ್ದಕ್ಕೆ "ಬೆನ್ನುನೋವು ನೆನಪಿದೆ" ಅಂದರು. ಸಣ್ಣ ಬೆರಳಿಂದಲೇ ಸಣ್ಣ ಗಂಟು ಬರುತ್ತದೆ ಅನ್ನುವ ಸಂಗ್ರಾಹಕರನ್ನು ಕಂಡರೆ ನನಗೆ ಅಂದಿನಿಂದ ಮೈ ಉರಿಯುತ್ತದೆ. ಉರಿಯುತ್ತಲೇ ಸಂಗ್ರಹಿಸುತ್ತೇನೆ, ಅದು ಬೇರೆ ಮಾತು.

ಗಂಬಳಿಯ ತಲೆಯ ಬದಿಯಲ್ಲಿ ಕಡುನೀಲಿಯ ಪುಟ್ಟ ಚೌಕ. ಅದರೊಳಗೆ ಹಾಲುಬಣ್ಣದ ಉಣ್ಣೆಯಲ್ಲಿ ಪಾರಸಿ ಅಂಕಿ: 1225. ಹಿಜರಿ ಲೆಕ್ಕ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ನಮ್ಮ 1810. ಕೊಂಡ ದಿನ ಈ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ! ಮನೆಗೆ ಬಂದವರನ್ನೆಲ್ಲ ಮಂಡಿಯೂರಿಸಿ ತೋರಿಸಿದ್ದೇನೆ. ಹೊಕ್ಕಿನ ನೂಲು ನೀಲಿ ನೋಡಿ, ಕಾಶಾನಿನವರ ರೂಢಿ. ಕೆರ್ಮಾನಿನದಾದರೆ ಸಾಲಿಗೆ ಮೂರು ಹೊಕ್ಕು ಇರುತ್ತಿತ್ತು. ತಬ್ರೀಜಿನವರು ಕೊಕ್ಕೆಯ ಚಾಕುವಿನಿಂದ ಹಾಕುವ ಗಂಟೇ ಬೇರೆ ಜಾತಿ. ತುದಿಯ ಕುಚ್ಚು ಹಾಸಿನ ಎಳೆಯೇ ಆಗಿರಬೇಕು, ಆಮೇಲೆ ಹೊಲಿದು ಸೇರಿಸಿದ್ದಲ್ಲ. ಪಾಪ, ಅವರು ಚಹಾ ಕುಡಿಯಲು ಬಂದವರು.

ಖಾನುಂ ಆ ಮೂಲೆಯನ್ನು ತಿರುವಿ ದೀಪದ ಕೆಳಗೆ ಹಿಡಿದರು. ಹೆಬ್ಬೆರಳಿನ ಉಗುರಿನಿಂದ ಎರಡನೇ ಅಂಕಿಯನ್ನು ಸವರಿದರು. ಅಲ್ಲಿ ನಾಲ್ಕೈದು ಗಂಟು ಒಂದಿಷ್ಟು ಉಬ್ಬಿದ್ದವು. ಸುತ್ತಲಿನ ನೀಲಿ ಕಡುನೀಲಿ, ಈ ಗಂಟುಗಳ ನೀಲಿ ತುಸು ಬಿಳಿಚಿದ್ದು. ಗಂಬಳಿಯ ಮುಖ ಬಿಸಿಲಿಗೆ, ಕಾಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಬೆನ್ನು ಕಳೆದುಕೊಳ್ಳುವುದಿಲ್ಲ. ಆಮೇಲೆ ಗಂಟು ಹಾಕಿದವನು ಮುಖದ ಬಣ್ಣಕ್ಕೆ ಹೊಂದುವ ಉಣ್ಣೆ ಹುಡುಕಿದ್ದ. ಮುಂದಿನಿಂದ ದೇವರಿಗೂ ಗೊತ್ತಾಗದು.

ಪಾರಸಿಯ 2ಕ್ಕೂ 3ಕ್ಕೂ ಇರುವ ವ್ಯತ್ಯಾಸ ಒಂದೇ ಹಲ್ಲು. ನಮ್ಮ ೨ಕ್ಕೂ ೩ಕ್ಕೂ ನಡುವೆ ಒಂದು ಚಿಕ್ಕ ಬಳುಕು ಇದೆಯಲ್ಲ, ಹಾಗೆ. 1325ರ ಮೂರರ ಹಲ್ಲು ಕಿತ್ತು, ಆ ಜಾಗಕ್ಕೆ ನೀಲಿ ತುಂಬಿದ್ದರು. 1810 ಹೋಗಿ 1907 ಬಂತು.

ಗಂಡನಿಗೆ ಹೇಳಿದರೆ ಸಮಾಧಾನ ಮಾಡುವ ಬದಲು ಲೆಕ್ಕಕ್ಕೆ ಕೂತ. "ಹಿಜರಿ ವರ್ಷ ಚಿಕ್ಕದಲ್ಲವಾ? ನೂರು ಹೋಗಿಲ್ಲ, ತೊಂಬತ್ತೇಳು ಹೋಗಿದೆ. ಮೂರು ಉಳೀತು ನೋಡು." ಇಂಥವನ ಜೊತೆ ಇಪ್ಪತ್ತು ವರ್ಷ.

ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ನೆಲಕ್ಕೆ ಹಾಸುವುದೆಲ್ಲ ಜಮಖಾನಿಯೇ. "ನವಲಗುಂದದ ಜಮಖಾನಿಗೆ ಐನೂರು ಹೆಚ್ಚು ಕೇಳಿದ್ರ ಜಗಳಾ ತಗೀತಿದ್ದಿ. ಕಸೂತಿ ಸೀರಿ ತಗೊಳ್ಳೂ ಮುಂದ ಹಿಂದ ತಿರುವಿ ನೋಡೂದು ನಾ ಕಲಿಸಿದ್ದಿಲ್ಲೇನ?" ಕಲಿಸಿದ್ದಳು. ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಹಿಂದೆ ಗಂಟು ಸಿಕ್ಕರೆ ಸೀರೆ ವಾಪಸ್. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಅವಳು ಸೆರಗು ತಿರುವಿದರೆ ನನಗೆ ನಾಚಿಕೆಯಾಗುತ್ತಿತ್ತು.

ನಾನೂ ತಿರುವಿದ್ದೆ. ಸುಳ್ಳಲ್ಲ. ಗಂಟು ಎಣಿಸಿದ್ದೆ, ಅಂಚು ನೋಡಿದ್ದೆ, ಒದ್ದೆ ಬಿಳಿಬಟ್ಟೆ ಒರೆಸಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿದ್ದೆ. ಆ ಒಂದು ಚೌಕ ಬಿಟ್ಟು. ಅದರ ಮುಖವನ್ನಷ್ಟೇ ನೋಡಿ, ಫೋಟೊ ತೆಗೆದು, ಮಡಿಚಿಟ್ಟಿದ್ದೆ. ಈಗ ಯೋಚಿಸಿದರೆ ತಿರುವಿ ನೋಡುವ ಅಗತ್ಯವೂ ಇರಲಿಲ್ಲ. ಕಾಶಾನಿನಲ್ಲಿ ಈ ನಮೂನೆಯ ಕಾರ್ಖಾನೆ ನೇಯ್ಗೆ ಮತ್ತೆ ತಲೆ ಎತ್ತಿದ್ದೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಮೊಹ್ತಶಮ್ ಹೆಸರಿನ ಪ್ರಸಿದ್ಧ ಗಂಬಳಿಗಳೂ ಆ ಕಾಲದವೇ. ಮ್ಯಾಂಚೆಸ್ಟರಿನಿಂದ ಬಂದ ಮೆರಿನೋ ಉಣ್ಣೆಯಲ್ಲಿ ನೇಯ್ದದ್ದರಿಂದ ಅವು ಅಷ್ಟು ನುಣುಪು ಎನ್ನುತ್ತಾರೆ. ನನ್ನದೂ ಅಷ್ಟೇ ನುಣುಪು. 1810ರಲ್ಲಿ ಅದು ಎಲ್ಲಿಂದ ಬರಬೇಕು? ಇದು ನನಗೆ ಗೊತ್ತಿತ್ತು. ಊರಿಗೆಲ್ಲ ಹೇಳುತ್ತಿದ್ದವಳೇ ನಾನು. ಕೊಳ್ಳುವ ದಿನ ಆ ತಿಳಿವಳಿಕೆ ಎಲ್ಲಿ ಅಡಗಿ ಕೂತಿತ್ತು?

ಮಾರಿದವನ ಮೇಲೆ ಸಿಟ್ಟು ಬರುತ್ತಿಲ್ಲ. ಅವನೂ ಹೀಗೇ ಖುಷಿಪಟ್ಟು ಕೊಂಡಿರಬಹುದು. ಸಿಟ್ಟು ಬರುವುದು ಹಲ್ಲು ಕಿತ್ತವನ ಮೇಲೆ. ಕೈಕೆಲಸ ಎಷ್ಟು ಚೆನ್ನಾಗಿದೆಯೆಂದರೆ ಖಾನುಂ ಕೂಡ "ಉಸ್ತಾದ" ಅಂದರು. ಅಂಥ ಕೈ ಇದ್ದವನಿಗೆ ಇದೇ ಕೆಲಸ ಬೇಕಿತ್ತಾ? 1907ರ ಕಾಶಾನ್ ಏನು ಕಳಪೆಯೇ?

ಶನಿವಾರ ತಡೆಯಲಾಗದೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದೆ. ಅರ್ದಬೀಲ್ ಗಂಬಳಿ ಅಲ್ಲಿ ನೆಲದ ಮೇಲೆ, ಗಾಜಿನೊಳಗೆ ಹಾಸಿದೆ. ಹತ್ತೂವರೆ ಮೀಟರ್ ಉದ್ದ. ಬಣ್ಣ ಮಾಸದಿರಲೆಂದು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಚ್ಚುತ್ತಾರೆ. ಅದರಲ್ಲೂ ಒಂದು ಚೌಕವಿದೆ: ಪಾರಸಿ ಕವಿ ಹಾಫಿಜನ ದ್ವಿಪದಿ, ಕೆಳಗೆ ಕಾಶಾನಿನ ಮಕ್ಸೂದ್‌ನ ಹೆಸರು, ಹಿಜರಿ 946. ಅಂದರೆ 1539-40. ಇಂಗ್ಲಿಷ್ ವಿನ್ಯಾಸಕಾರ ವಿಲಿಯಂ ಮಾರಿಸ್ ಮೆಚ್ಚಿ ಶಿಫಾರಸು ಮಾಡಿದ್ದ, 1893ರಲ್ಲಿ 2000 ಪೌಂಡಿಗೆ ಕೊಂಡರು. ಅದೂ ಅಖಂಡವಲ್ಲ. ಜೋಡಿ ಗಂಬಳಿಯನ್ನು ಕತ್ತರಿಸಿ ಇದಕ್ಕೆ ತೇಪೆ ಹಾಕಿದ್ದಾರೆ, ಅಂಚು ಕಳೆದುಕೊಂಡ ಆ ಜೋಡಿ ಈಗ ಲಾಸ್ ಏಂಜಲೀಸಿನಲ್ಲಿದೆ. ಆ ಮಾತು ಎಲ್ಲರಿಗೂ ಗೊತ್ತು, ಯಾರೂ ಮುಚ್ಚಿಡುವುದಿಲ್ಲ. ದೀಪ ಆರಿದ ಮೇಲೂ ನಿಂತೇ ಇದ್ದೆ. ಪಕ್ಕದ ಹುಡುಗ ಅಮ್ಮನಿಗೆ "ಕೆಟ್ಟುಹೋಯ್ತಾ?" ಎಂದು ಕೇಳಿದ.

ಹಲ್ಲು ಮತ್ತೆ ಕಟ್ಟಿಕೊಡಿ ಎಂದು ಖಾನುಂಗೆ ಹೇಳಿಬಂದಿದ್ದೆ. ಯಾರೂ ಇದನ್ನು ಕೇಳುವುದಿಲ್ಲ, ಎಲ್ಲರೂ ಕೀಳಿಸಲು ಬರುತ್ತಾರೆ ಎಂದು ನಕ್ಕಿದ್ದರು. ನಿನ್ನೆ ಸಂಜೆ ಫೋನ್ ಮಾಡಿದರು.

"ಎರಡು ಉಣ್ಣೆ ಇದೆ. ಒಂದು ಹಾಲಿನಂಥದ್ದು. ಇನ್ನೊಂದು ಚಹಾದಲ್ಲಿ ಅದ್ದಿ ಹಳತು ಮಾಡಿದ್ದು. ಯಾವುದು ಹಾಕಲಿ?"

"ಹಾಲಿನದು."

"ಎದ್ದು ಕಾಣುತ್ತದೆ, ಮಗಳೇ."

"ಕಾಣಲಿ. ಗುರುವಾರ ಬರ್ತೀನಿ."