ಡಬಲ್ಸ್‌ನಲ್ಲಿ ಈ ಪೋಕೆಮಾನ್ ನಡೆಯುತ್ತಾ ಇಲ್ವಾ ಅಂತ ನೋಡೋದು

ಹೊಸದಾಗಿ ವಿಜಿಸಿ (ಪೋಕೆಮಾನ್ ವಿಡಿಯೋ ಗೇಮಿನ ಅಧಿಕೃತ ಡಬಲ್ಸ್ ಸ್ಪರ್ಧೆ) ಆಡೋಕೆ ಶುರು ಮಾಡಿದೋರು ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ, "ಈ ಪೋಕೆಮಾನ್ ಚೆನ್ನಾಗಿದ್ಯಾ?" ನಾನು ವಾಪಸ್ ಕೇಳೋದು, "ಪಕ್ಕದಲ್ಲಿ ಯಾರ್ ನಿಂತಿರ್ತಾರೆ?" ಪ್ರಶ್ನೆಯಿಂದ ನುಣುಚಿಕೊಳ್ಳೋಕೆ ಹೀಗ್ ಕೇಳಲ್ಲ, ಡಬಲ್ಸ್‌ನಲ್ಲಿ ಒಂದು ಪೋಕೆಮಾನ್‌ಗೆ ಒಂಟಿಯಾಗಿ ಬೆಲೆ ಕಟ್ಟೋಕೇ ಆಗಲ್ಲ ಅಂತ ನಾನು ಗಟ್ಟಿಯಾಗಿ ನಂಬಿದೀನಿ. ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ಟೀಮಲ್ಲಿ 6 ಇರುತ್ತೆ, ಎದುರಾಳಿ ಟೀಮ್ ನೋಡ್ಕೊಂಡು ಅದ್ರಲ್ಲಿ 4 ಆರಿಸ್ಕೊಂಡು ಹೋಗ್ಬೇಕು, ಎಲ್ಲಾ ಲೆವೆಲ್ 50, ಒಂದ್ಸಲಕ್ಕೆ ಎರಡೆರಡು ಮೈದಾನದಲ್ಲಿ. ಮ್ಯಾಚು ಬೇಗ ಮುಗಿಯುತ್ತೆ. ಸಿಂಗಲ್ಸ್‌ನಲ್ಲಿ ಸ್ಟೆಲ್ತ್ ರಾಕ್ (ಎದುರಾಳಿಯ ಪೋಕೆಮಾನ್ ಒಳಗೆ ಬಂದಾಗೆಲ್ಲಾ ಚುಚ್ಚೋ ಕಲ್ಲು) ಹಾಕಿ ನಿಧಾನಕ್ಕೆ ತಿಂದು ಹಾಕೋ ಆಟ ಇಲ್ಲಿ ಅಷ್ಟಾಗಿ ನಡೆಯಲ್ಲ, ಒಂದು ಟರ್ನ್ ಕಲ್ಲು ಹಾಕೋಕೆ ಕಳೆದ್ರೆ ಆ ಟರ್ನಲ್ಲೇ ನಿಮ್ಮದೊಂದು ಬಿದ್ದಿರುತ್ತೆ.

ಎಲ್ರೂ ಮೊದಲು ನೋಡೋದು ಬೇಸ್ ಸ್ಟ್ಯಾಟ್ಸ್ ಟೋಟಲ್, ಅಂದ್ರೆ ಎಚ್‌ಪಿ, ಅಟ್ಯಾಕು, ಸ್ಪೀಡು ಥರದ ಮೂಲ ಅಂಕಿಗಳ ಮೊತ್ತ. ರೆಜಿಗಿಗಾಸ್ ತಗೊಳ್ಳಿ, ಟೋಟಲ್ 670, ಕಾಗದದ ಮೇಲೆ ರಾಕ್ಷಸ. ಆದ್ರೆ ಅದ್ರ ಅಬಿಲಿಟಿ (ತಾನಾಗೇ ಕೆಲ್ಸ ಮಾಡೋ ಗುಣ) ಸ್ಲೋ ಸ್ಟಾರ್ಟ್, ಬಂದ್ಮೇಲೆ 5 ಟರ್ನ್ ಅಟ್ಯಾಕು ಸ್ಪೀಡು ಎರಡೂ ಅರ್ಧ, ಅಷ್ಟೊತ್ತಿಗೆ ಮ್ಯಾಚು ಯಾರ ಕಡೆ ಅಂತ ಗೊತ್ತಾಗಿಬಿಟ್ಟಿರುತ್ತೆ. ಹಂಗಾದ್ರೆ ಕೆಲ್ಸಕ್ಕೆ ಬಾರದ್ದಾ? ಅದೂ ಅಲ್ಲ. ಪಕ್ಕದಲ್ಲಿ ನ್ಯೂಟ್ರಲೈಸಿಂಗ್ ಗ್ಯಾಸ್ (ಮೈದಾನದಲ್ಲಿರೋರ ಅಬಿಲಿಟಿ ಬಂದ್ ಮಾಡೋ ಅಬಿಲಿಟಿ) ಇರೋ ವೀಝಿಂಗ್ ನಿಲ್ಸಿದ್ರೆ ಸ್ಲೋ ಸ್ಟಾರ್ಟ್ ಬಂದ್ ಆಗುತ್ತೆ, ಮೊದಲನೇ ಟರ್ನಿಂದಾನೇ 670ರ ಪೂರ್ತಿ ಹೊಡೆತ. ಎದುರಿಗಿರೋನು ಸ್ವಲ್ಪ ಯಾಮಾರಿದ್ರೂ ಮುಗೀತು. ಆದ್ರೆ ಅವ್ನೂ ಕಣ್ಮುಚ್ಕೊಂಡು ಕೂತಿರಲ್ಲ, ಎರಡೂ ಕಡೆಯಿಂದ ವೀಝಿಂಗ್ ಮೇಲೇ ಬೀಳ್ತಾನೆ, ಅದು ಹೋಯ್ತು ಅಂದ್ರೆ ಸ್ಲೋ ಸ್ಟಾರ್ಟ್ ವಾಪಸ್. ಮೇಲಿಂದ ಗ್ಯಾಸ್ ಇರೋವಾಗ ನಿಮ್ಮ ಟೀಮಲ್ಲಿ ಇಂಟಿಮಿಡೇಟ್ (ಬಂದ ಕೂಡ್ಲೇ ಎದುರಾಳಿಗಳ ಅಟ್ಯಾಕ್ ಇಳಿಸೋ ಅಬಿಲಿಟಿ) ಥರದ್ದು ಏನೇ ಇದ್ರೂ ಅದೂ ಕೆಲ್ಸ ಮಾಡಲ್ಲ. ಅದಕ್ಕೇ ನಾನು ರೆಜಿಗಿಗಾಸ್‌ನ ಎರಡು ಸ್ಲಾಟಿನ ಪೋಕೆಮಾನ್ ಅಂತ ಲೆಕ್ಕ ಹಾಕ್ತೀನಿ, ನಾಲ್ಕರಲ್ಲಿ ಎರಡು ಅದಕ್ಕೇ ಹೋಯ್ತು, ಉಳಿದಿರೋ ಎರಡರಲ್ಲಿ ಮಿಕ್ಕಿದ್ದೆಲ್ಲಾ ಮಾಡ್ಕೋಬೇಕು.

ಇದಕ್ಕೆ ತದ್ವಿರುದ್ಧ ಇನ್ಸಿನೆರೋರ್. ಟೋಟಲ್ 530, ಸ್ಪೀಡ್ ಬರೀ 60, ಹೊಡೆತ ಪರವಾಗಿಲ್ಲ ಅನ್ನೋ ಮಟ್ಟ. ಆದ್ರೂ ಇಂಟಿಮಿಡೇಟ್ ಸಿಕ್ಕಿದ ಮೇಲೆ ಇದು ಆಡೋಕೆ ಬಿಟ್ಟಿರೋ ಹೆಚ್ಚುಕಮ್ಮಿ ಎಲ್ಲಾ ಸೀಸನ್‌ನಲ್ಲೂ ಮೇಲಿನ ಸಾಲಲ್ಲೇ ಇದೆ. ಯಾಕೆ ಅಂತ ಒಂದು ಟರ್ನ್ ಇಟ್ಕೊಂಡೇ ನೋಡೋಣ. ನೀವು ಇನ್ಸಿನೆರೋರ್ ಮತ್ತೆ ವಿಮ್ಸಿಕಾಟ್ ಲೀಡ್ ಮಾಡಿದ್ರಿ, ಅಂದ್ರೆ ಮೊದಲು ಇವೆರಡನ್ನ ಇಳಿಸಿದ್ರಿ. ಕಾಲಿಟ್ಟ ತಕ್ಷಣ ಇಂಟಿಮಿಡೇಟ್, ಎದುರಿನ ಎರಡೂ ಪೋಕೆಮಾನ್ ಅಟ್ಯಾಕ್ ಮೂರರಲ್ಲಿ ಒಂದು ಭಾಗ ಕಮ್ಮಿ, ಇನ್ನೂ ಯಾರೂ ಒಂದು ಮೂವೂ ಮಾಡಿಲ್ಲ. ಆಮೇಲೆ ಫೇಕ್ ಔಟ್ (ಮೈದಾನಕ್ಕೆ ಬಂದ ಮೊದಲನೇ ಟರ್ನಲ್ಲಿ ಮಾತ್ರ ನಡೆಯೋ, ಎಲ್ರಿಗಿಂತ ಮುಂಚೆ ಬೀಳೋ ಮೂವ್), ಎದುರಲ್ಲಿ ಜಾಸ್ತಿ ಅಪಾಯ ಅನ್ಸೋ ಒಂದಕ್ಕೆ ಆ ಟರ್ನ್ ಇಲ್ಲ. ಅದೇ ಗ್ಯಾಪಲ್ಲಿ ವಿಮ್ಸಿಕಾಟ್ ಟೇಲ್‌ವಿಂಡ್ ಹಾಕುತ್ತೆ, ಕೆಲವು ಟರ್ನ್ ನಿಮ್ಮ ಕಡೆಯೋರ ಸ್ಪೀಡ್ ಡಬಲ್. ಮುಂದಿನ ಟರ್ನು ಪಾರ್ಟಿಂಗ್ ಶಾಟ್, ಎದುರಾಳಿ ಅಟ್ಯಾಕು ಸ್ಪೆಷಲ್ ಅಟ್ಯಾಕು ಎರಡೂ ಇಳಿಸಿ ತಾನು ಹೊರಗೆ, ಆ ಜಾಗಕ್ಕೆ ನಿಮ್ಮ ದೊಡ್ಡ ಹೊಡೆತದ ಪೋಕೆಮಾನ್ ಸೇಫಾಗಿ ಬಂತು. ಮುಂದೆ ಯಾವತ್ತೋ ಇನ್ಸಿನೆರೋರ್ ವಾಪಸ್ ಬಂದ್ರೆ ಇಂಟಿಮಿಡೇಟು ಫೇಕ್ ಔಟು ಎರಡೂ ಮತ್ತೆ ರೆಡಿ. ಇಷ್ಟರಲ್ಲಿ ಅದು ಮಾಡಿರೋ ಡ್ಯಾಮೇಜು ಲೆಕ್ಕಕ್ಕೇ ಇಲ್ಲ, ಆದ್ರೆ ಪಕ್ಕದೋರಿಗೆ ಅಂತ ಮಾಡಿರೋದು ಎಷ್ಟು ನೋಡಿ.

ಸ್ಪೀಡ್ ವಿಷಯಕ್ಕೆ ಬಂದ್ರೆ, 60 ಅಂದ್ರೆ ನಿಧಾನ ಅಂತ ಸುಮ್ನೆ ಬಿಟ್ಬಿಡ್ಬಾರ್ದು. ಸ್ಪೀಡ್‌ಗೆ ಪೂರ್ತಿ ಇವಿ (ನಾವೇ ಹಂಚೋ ಟ್ರೈನಿಂಗ್ ಪಾಯಿಂಟು) ಹಾಕಿ, ಸ್ಪೀಡ್ ಏರಿಸೋ ಜಾಲಿ ನೇಚರ್ (ಪೋಕೆಮಾನ್ ಸ್ವಭಾವ) ಕೊಟ್ಟಿರೋ ಗಾರ್‌ಚಾಂಪ್ ಲೆವೆಲ್ 50ರಲ್ಲಿ 169 ಬರುತ್ತೆ. ಇನ್ಸಿನೆರೋರ್‌ಗೆ ಸ್ಪೀಡಲ್ಲಿ ಏನೂ ಹಾಕ್ದೆ ಬಿಟ್ರೆ 80, ಟೇಲ್‌ವಿಂಡಲ್ಲಿ ಡಬಲ್ ಆಗಿ 160, ಸಾಕಾಗಲ್ಲ. ಆದ್ರೆ 36 ಇವಿ ಹಾಕಿ, 85 ಆಗುತ್ತೆ, ಟೇಲ್‌ವಿಂಡಲ್ಲಿ 170. ಒಂದೇ ಒಂದು ಪಾಯಿಂಟಲ್ಲಿ ಗಾರ್‌ಚಾಂಪ್ ಹಿಂದೆ! ಈ ಥರ ಲೆಕ್ಕ ನಂಗೆ ತುಂಬಾ ಇಷ್ಟ, ಯಾಕಂದ್ರೆ ಒಂದು ಪೋಕೆಮಾನ್ ಯಾರನ್ನ ಮೀರ್ಸುತ್ತೆ ಯಾರ ಹೊಡೆತ ತಡ್ಕೊಳ್ಳುತ್ತೆ ಅಂತ ಕ್ಯಾಲ್ಕ್ಯುಲೇಟರ್ ಇಟ್ಕೊಂಡು ಕೂತಾಗ್ಲೇ ಅದ್ರ ನಿಜವಾದ ಮುಖ ಕಾಣೋದು, ಬೇರೆ ಯಾರೋ ಮಾಡಿರೋ ಟಿಯರ್ ಲಿಸ್ಟಲ್ಲಿ (ಮೇಲು-ಕೀಳು ಪಟ್ಟಿಯಲ್ಲಿ) ಇದು ಕಾಣಲ್ಲ.

ಇನ್ನು ಪಚಿರಿಸು. ಈ ಹೆಸರು ಬರ್ದೇ ಈ ಮಾತು ಮುಗಿಯಲ್ಲ, ಮತ್ತೆ ಇದ್ರ ಬಗ್ಗೆ ಜನ ಹೇಳೋದು ಕೇಳಿದ್ರೆ ನಂಗೆ ಬೇಜಾರೂ ಆಗುತ್ತೆ. 2014ರಲ್ಲಿ ವಾಷಿಂಗ್ಟನ್ ಡಿಸಿಯಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್, ಕೊರಿಯಾದ ಸೆಜುನ್ ಪಾರ್ಕ್ ಗೆದ್ರು, ಅವರ ಟೀಮಲ್ಲಿ ಟೋಟಲ್ 405ರ ಒಂದು ಬಿಳಿ-ನೀಲಿ ಅಳಿಲು. ಅವತ್ತಿಂದ ಇವತ್ತಿನವರೆಗೂ "ನೋಡಿ, ಇಷ್ಟಪಟ್ಟು ಆಡಿದ್ರೆ ಯಾವ್ದರಿಂದ ಬೇಕಾದ್ರೂ ಗೆಲ್ಬಹುದು" ಅಂತ ಉದಾಹರಣೆ ಕೊಡ್ತಾರೆ. ಪ್ರೀತಿಯ ಕಥೆ ಮಾಡಿ ಆ ಮನುಷ್ಯನ ತಲೆಯನ್ನ ಲೆಕ್ಕದಿಂದ ಬಿಟ್ಟೇ ಬಿಡ್ತಾರಲ್ಲಾ ಅಂತ ನಂಗೆ ಸಂಕಟ.

ಅವರಿಗೆ ಬೇಕಾಗಿದ್ದ ಕೆಲ್ಸ ಏನು? ಪಕ್ಕದೋರ ಮೇಲೆ ಬರೋ ಹೊಡೆತನ ತನ್ನ ಕಡೆ ಎಳ್ಕೊಳ್ಳೋದು. ಅವಾಗ ಆ ಕೆಲ್ಸಕ್ಕೆ ಎಲ್ರೂ ಹಾಕ್ತಿದ್ದಿದ್ದು ಅಮೂಂಗಸ್, ಅದ್ರ ರೇಜ್ ಪೌಡರ್. ಆದ್ರೆ ಆ ಜನರೇಷನ್‌ನಿಂದ ರೇಜ್ ಪೌಡರ್ ಗ್ರಾಸ್ ಟೈಪ್ ಮೇಲೆ ನಡೆಯಲ್ಲ, ಸೇಫ್ಟಿ ಗಾಗಲ್ಸ್ ಅನ್ನೋ ಐಟಮ್ ಹಾಕಿರೋರ ಮೇಲೂ ನಡೆಯಲ್ಲ. ಪಚಿರಿಸು ಹತ್ರ ಇರೋದು ಅದೇ ಕೆಲ್ಸ ಮಾಡೋ ಫಾಲೋ ಮೀ, ಅದಕ್ಕೆ ಈ ರಗಳೆ ಯಾವ್ದೂ ಇಲ್ಲ. ಆಮೇಲೆ ಅವರ ಟೀಮಲ್ಲಿ ಗ್ಯಾರಡೋಸು ಟಾಲನ್‌ಫ್ಲೇಮು ಎರಡೂ ಇದ್ವು, ಎರಡಕ್ಕೂ ಕರೆಂಟ್ ಹೊಡೆತ ಅಂದ್ರೆ ಆಗಲ್ಲ, ಗ್ಯಾರಡೋಸ್ ಮೆಗಾ ರೂಪಕ್ಕೆ (ಮ್ಯಾಚ್ ಮಧ್ಯೆ ಬರೋ ಬಲವಾದ ರೂಪ) ಬದಲಾಗೋ ಮುಂಚೆ ನಾಲ್ಕು ಪಟ್ಟು ಬೀಳುತ್ತೆ. ಪಚಿರಿಸು ಅಬಿಲಿಟಿ ವೋಲ್ಟ್ ಅಬ್ಸಾರ್ಬ್, ಕರೆಂಟ್ ಹೊಡೆತ ಹೀರ್ಕೊಳ್ಳುತ್ತೆ. ಅಂದ್ರೆ ಎದುರಿನ ರೋಟಮ್ಮು ಗ್ಯಾರಡೋಸ್‌ಗೆ ಅಂತ ಬಿಟ್ಟ ಥಂಡರ್‌ಬೋಲ್ಟ್ ಫಾಲೋ ಮೀಯಿಂದ ಪಚಿರಿಸು ಕಡೆ ತಿರುಗಿ, ಅದಕ್ಕೆ ಡ್ಯಾಮೇಜ್ ಆಗೋದಿರ್ಲಿ, ಎಚ್‌ಪಿ ಕಾಲು ಭಾಗ ತುಂಬಿ ಬರುತ್ತೆ. ಹೊಡೆಯೋಕೆ ಬರೀ 45 ಅಟ್ಯಾಕ್, ಆದ್ರೆ ಸೂಪರ್ ಫ್ಯಾಂಗ್‌ಗೆ ಅಟ್ಯಾಕೇ ಬೇಡ, ಎದುರಿಗಿರೋದ್ರಲ್ಲಿ ಉಳಿದಿರೋ ಎಚ್‌ಪಿಯ ಅರ್ಧ ಕಿತ್ಕೊಳ್ಳುತ್ತೆ. ನಝಲ್ ತಾಗಿದ್ರೆ ಪ್ಯಾರಲಿಸಿಸ್ ಗ್ಯಾರಂಟಿ, ಆಗಿನ ರೂಲ್ಸಲ್ಲಿ ಸ್ಪೀಡು ಕಾಲು ಭಾಗಕ್ಕೆ ಇಳೀತಿತ್ತು. ಇದನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿ, ಆ ಟೀಮಿನ ಆ ಜಾಗಕ್ಕೆ, ಆ ವರ್ಷ ಆಡೋಕೆ ಬಿಟ್ಟಿದ್ದ ಕಲೋಸ್ (ಆಗಿನ ಗೇಮಿನ ಪ್ರದೇಶ) ಪೋಕೆಮಾನ್ ಪಟ್ಟಿಯೊಳಗೆ, ಪಚಿರಿಸು ಅನ್ನೋದು ಅಚ್ಚುಕಟ್ಟಾಗಿ ಲೆಕ್ಕ ಹಾಕಿ ಬಂದ ಉತ್ತರ.

ಹಂಗಾಗಿ ಪಟ್ಟಿ ಬದಲಾದ್ರೆ ಉತ್ತರಾನೂ ಬದಲಾಗುತ್ತೆ. ಅದೇ ಕೆಲ್ಸ ಇನ್ನೂ ಚೆನ್ನಾಗಿ ಮಾಡೋರು ಪಕ್ಕದಲ್ಲಿದ್ರೆ ನಿಮ್ಮ ಪೋಕೆಮಾನ್‌ಗೆ ಅಲ್ಲಿ ಜಾಗ ಇಲ್ಲ, ಅದು ಎಷ್ಟೇ ಮುದ್ದಾಗಿರ್ಲಿ. "ಇದು ಏನು ಮಾಡುತ್ತೆ" ಅಂತ ಕೇಳಿದ ಬೆನ್ನಿಗೇ "ಇದನ್ನೇ ಇನ್ಯಾರು ಮಾಡ್ತಾರೆ" ಅಂತ ಕೇಳ್ಕೋಬೇಕು, ಎರಡನೇದನ್ನ ಕೇಳೋರು ಕಮ್ಮಿ. ಇನ್ನೊಂದು, ಈಗ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಟೀಮ್ ಶೀಟ್ ಓಪನ್, ನಿಮ್ಮ ಮೂವ್ಸು ಐಟಮ್ಮು ಅಬಿಲಿಟಿ ಎಲ್ಲಾ ಎದುರಾಳಿ ಕೈಲಿರುತ್ತೆ, ಇವಿ ಮಾತ್ರ ಕಾಣಲ್ಲ. "ಯಾರೂ ಊಹಿಸಲ್ಲ" ಅನ್ನೋದೊಂದೇ ಬಂಡವಾಳ ಆಗಿರೋ ಪೋಕೆಮಾನ್ ಇವತ್ತು ನಿಲ್ಲೋದು ಕಷ್ಟ.

ಬಂದ ಕೂಡ್ಲೇ ಬಿಸಿಲು ತರೋ ಟೋರ್ಕೋಲ್ ಬಗ್ಗೆ ಎರಡು ಮಾತು. ಬೇಸ್ ಸ್ಪೀಡ್ 20, ಐವಿ (ಹುಟ್ಟಿನಿಂದ ಬರೋ ಪಾಯಿಂಟು) ಸೊನ್ನೆ ಮಾಡಿ ಸ್ಪೀಡ್ ಇಳಿಸೋ ನೇಚರ್ ಕೊಟ್ರೆ ಲೆವೆಲ್ 50ರಲ್ಲಿ 22. ಬೇಕೂಂತಲೇ ಹಂಗೆ ಮಾಡ್ತಾರೆ, ಯಾಕಂದ್ರೆ ಟ್ರಿಕ್ ರೂಮಲ್ಲಿ ನಿಧಾನ ಇರೋದೇ ಮೊದಲು, ತುಂಬಿದ ಎಚ್‌ಪಿಯಲ್ಲಿ 150 ಪವರಿನ ಇರಪ್ಷನ್ ಇಬ್ಬರಿಗೂ ಬೀಳುತ್ತೆ (ಇಬ್ಬರಿಗೆ ಹಂಚಿ ಬೀಳೋದ್ರಿಂದ ಮುಕ್ಕಾಲಕ್ಕೆ ಇಳಿಯುತ್ತೆ, ಆದ್ರೂ ಬಿಸಿಲಲ್ಲಿ ಸುಟ್ಟು ಬೂದಿ). ಟ್ರಿಕ್ ರೂಮ್ ಬೇಡ ಅಂದ್ರೆ ಪಕ್ಕದಲ್ಲಿ ಕ್ಲೋರೋಫಿಲ್ ಲಿಲಿಗಂಟ್, ಬಿಸಿಲಲ್ಲಿ ಅದ್ರ ಸ್ಪೀಡ್ ಡಬಲ್, ಅದು ಆಫ್ಟರ್ ಯು ಅನ್ನೋ ಮೂವ್ ಹಾಕಿದ್ರೆ ಅದಾದ ತಕ್ಷಣ ಟೋರ್ಕೋಲ್ ಸರದಿ. ಇನ್ನೊಂದು ಮಜಾ, ಎದುರಲ್ಲಿ ಮಳೆ ತರೋ ಪೆಲಿಪರ್ ಒಟ್ಟಿಗೇ ಲೀಡ್ ಆಗಿ ಬಂದ್ರೂ ಅದು ಸ್ಪೀಡ್ ಜಾಸ್ತಿ ಇರೋದ್ರಿಂದ ಮಳೆ ಮೊದಲು ಬಂದು, ಟೋರ್ಕೋಲ್ ಬಿಸಿಲು ಆಮೇಲೆ ಬಂದು, ಬಿಸಿಲೇ ಉಳಿಯುತ್ತೆ. ಟೇಬಲ್ ನೋಡಿ 20 ಅಂತ ಮೂಗು ಮುರಿದೋರಿಗೆ ಇದು ಹೊಳೆಯೋದೇ ಇಲ್ಲ.

ನಾನು ಹೊಸ ಟೀಮ್ ಕಟ್ಟಿದಾಗ ಮೊದಲು ಮಾಡೋ ಕೆಲ್ಸ, ಆ ಸೀಸನ್ನಿನ ಮುಖ್ಯ ಟೀಮ್‌ಗಳನ್ನ ಬರ್ಕೊಂಡು, ಒಂದೊಂದರ ಎದುರಿಗೂ ನನ್ನ ಆರರಲ್ಲಿ ಯಾವ ನಾಲ್ಕು ತಗೊಂಡು ಹೋಗ್ತೀನಿ ಅಂತ ಬರೆಯೋದು. ಯಾವ ಸಾಲಲ್ಲೂ ಹೆಸರು ಬರದಿರೋ ಪೋಕೆಮಾನ್ ಇದ್ರೆ ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ, ತೆಗೀಬೇಕು. ಆ ಜಾಗಕ್ಕೆ ಬರೋದನ್ನ ಮಿಕ್ಕ ಐದನ್ನ ನೋಡ್ಕೊಂಡೇ ಆರಿಸ್ಬೇಕು.

ಫಾಲೋ ಮೀ ಬೇಕು ಅಂತಿಟ್ಕೊಳ್ಳಿ. ಹೆಣ್ಣು ಇಂಡೀಡಿ ಇದೆ, ಮೌಸ್‌ಹೋಲ್ಡ್ ಇದೆ. ಇಂಡೀಡಿ ಬಂದ ಕೂಡ್ಲೇ ಸೈಕಿಕ್ ಟೆರೇನ್, ನೆಲದ ಮೇಲೆ ನಿಂತಿರೋರಿಗೆ ಎದುರಾಳಿಯ ಫೇಕ್ ಔಟ್ ತಾಗಲ್ಲ, ಟ್ರಿಕ್ ರೂಮ್ ಹಾಕೋರಿಗೆ ಇದಕ್ಕಿಂತ ನೆಮ್ಮದಿ ಇಲ್ಲ. ಮೌಸ್‌ಹೋಲ್ಡ್‌ಗೆ ಫ್ರೆಂಡ್ ಗಾರ್ಡ್ ಕೊಟ್ರೆ ಪಕ್ಕದೋರಿಗೆ ಬೀಳೋ ಡ್ಯಾಮೇಜ್ ಕಾಲು ಭಾಗ ಕಮ್ಮಿ. ಯಾವ್ದು ಮೇಲು ಅಂತ ಬರೀ ಇವೆರಡನ್ನ ಪಕ್ಕಪಕ್ಕ ಇಟ್ರೆ ಗೊತ್ತಾಗಲ್ಲ, ಆದ್ರೆ ನಿಮ್ಮ ಟೀಮಲ್ಲಿ ಇನ್ಸಿನೆರೋರ್ ಇದ್ರೆ ಆ ಟೆರೇನ್ ಇರೋ 5 ಟರ್ನೂ ನೆಲದ ಮೇಲಿರೋ ಎದುರಾಳಿಗಳ ಮೇಲೆ ನಿಮ್ಮ ಫೇಕ್ ಔಟೂ ನಡೆಯಲ್ಲ, ಅಲ್ಲಿ ನಾನು ಕಣ್ಮುಚ್ಕೊಂಡು ಮೌಸ್‌ಹೋಲ್ಡ್ ಕಡೆ ಹೋಗ್ತೀನಿ.